ತಿಪ್ಪೆ ಇದ್ದ ಜಾಗದ ಮಣ್ಣು

ನಮ್ಮ ಶಿಕ್ಷಕ ಕುಲಕ್ಕೊಂದು ಕಾಯಿಲೆ ಇದೆ. ತರಬೇತಿಗೆ ಹೋಗುವಾಗ ಗೊಣಗುತ್ತೇವೆ, ಬಂದ ಮೇಲೆ ಮನೆಮಂದಿಗೆಲ್ಲ ತರಬೇತಿ ಕೊಡುತ್ತೇವೆ. ಹುಣಸೂರಿನಲ್ಲಿ ಶಿಕ್ಷಕರಿಗೆಂದೇ ನಡೆದ ಕೃಷಿ ತರಬೇತಿ ಮುಗಿಸಿದ್ದೇ ತಡ, ಅದು ನನಗೂ ಅಂಟಿತು. ಅಲ್ಲಿಯವರೆಗೆ ವಿಜ್ಞಾನದ ಮಿಸ್ಸಾಗಿ ನಾನು ಮಣ್ಣು ಕಂಡದ್ದು ಪಠ್ಯಪುಸ್ತಕದ ಚಿತ್ರದಲ್ಲಿ. ಹನಗೋಡಿನ ಸೊಸೆಯಾಗಿ ಕಂಡದ್ದು ಮಾವನವರ ಕಾಲಿಗಂಟಿ ಜಗಲಿಗೆ ಬಂದಾಗ, ಅದೂ ಗುಡಿಸುವುದಕ್ಕೆ.

ಈಗ ಗುದ್ದಲಿ ಹಿಡಿದು, ಏಳನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಮಾವನವರ ಹೊಲಕ್ಕೇ ಇಳಿದೆ. ಮಣ್ಣು ಪರೀಕ್ಷೆ ಮಾಡಿಸಿಯೇ ಈ ಸಲ ಮುಸುಕಿನ ಜೋಳಕ್ಕೆ ಗೊಬ್ಬರ ಹಾಕುವುದೆಂದು ಅವರನ್ನು ಹೇಗೋ ಒಪ್ಪಿಸಿದ್ದೆ. ಎಡವಟ್ಟಾದರೆ ಬೆಳೆಯ ಜೊತೆಗೆ ಮನೆಯಲ್ಲಿ ನನ್ನ ಮಾತಿನ ಬೆಲೆಯೂ ಹೋಗುತ್ತಿತ್ತು. ಮಾವನವರು ನೇರ ಒಂದು ಮೂಲೆಗೆ ಕರೆದೊಯ್ದರು. “ಇಲ್ಲಿ ತಗಿಯವ್ವ, ಒಳ್ಳೆ ಕರಿ ಮಣ್ಣು.” ನೋಡಿದರೆ ಹೋದ ವರ್ಷ ತಿಪ್ಪೆಗೊಬ್ಬರ ಗುಡ್ಡೆ ಹಾಕಿದ್ದ ಜಾಗ!

“ಇಲ್ಲಿ ತೆಗೀಬಾರ್ದು ಮಾವ. ಹೊಲದ ತುಂಬಾ ಅಲ್ಲಲ್ಲಿ ತೆಗೆದು ಬೆರೆಸ್ಬೇಕು.”

“ಅಂಗಂತ ಆ ಕಲ್ಲುಮಣ್ಣೂ ಕಳ್ಸೀಯಾ? ನೋಡ್ದೋರು ನಮ್ ಒಲನ ಏನಂದ್ಕಂಡಾರು? ಮರ್ಯಾದೆ ಪ್ರಶ್ನೆ ಕಣವ್ವ!”

ನಾನು ಜಗ್ಗಲಿಲ್ಲ. ಮಕ್ಕಳು ಹೊಲವೆಲ್ಲ ಸುತ್ತಿ ಮಣ್ಣು ತೆಗೆದು ಬೆರೆಸಿದರು. ಮಾವನವರು ಗೊಣಗುತ್ತ ಮನೆಯ ದಾರಿ ಹಿಡಿದರು. ಆದರೆ ಮಣ್ಣಿನಲ್ಲಿ ಸಾವಯವ ಅಂಶ ಕಮ್ಮಿಯೆಂದು ಫಲಿತಾಂಶ ಬಂದಾಗ, ಮೂಲೆಗೆ ಸುರಿಯುತ್ತಿದ್ದ ಗೊಬ್ಬರವನ್ನು ಹೊಲದ ತುಂಬ ಹರಡಿಸಿದವರು ಅವರೇ. ಜೋಳ ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಸಮ ಎದ್ದಿತು. “ನಮ್ ಸೊಸೆ ಮಣ್ಣಿನ ಡಾಕ್ಟ್ರು ಕಣ್ಲಾ” ಎಂದು ಅವರು ಟೀ ಅಂಗಡಿಯಲ್ಲಿ ಹೇಳಿದ್ದು ಕಿವಿಗೆ ಬಿದ್ದ ದಿನ ನಾನು ನೆಲದ ಮೇಲೆ ನಡೆಯಲೇ ಇಲ್ಲ.

ತರಬೇತಿಯ ಫಲ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗೆ ಬಂದರು. ಅತಿಥಿ ರೈತರಾಗಿ ಮಾವನವರೂ ಬಂದಿದ್ದರು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರಿಸುವ ಕಾವ್ಯಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ನಾನು ನಿಶ್ಚಿಂತೆಯಿಂದಿದ್ದೆ. ಸಾಹೇಬರು ಅವಳನ್ನು ದಾಟಿ, ಕೊನೆಯ ಬೆಂಚಿನ ಚೈತ್ರಳನ್ನು ಎಬ್ಬಿಸಿದರು. “ಒಂದೇ ಜಾಗದ ಮಣ್ಣು ಯಾಕೆ ತೆಗೀಬಾರ್ದು?”

“ಚೆನ್ನಾಗಿರೋ ಕಡೆ ಮಾತ್ರ ತೆಗುದ್ರೆ ಒಲ ಎಂಗದೆ ಅಂತ ಗೊತ್ತಾಗಲ್ಲ ಸಾ. ನೀವು ಬತ್ತೀರ ಅಂತ ಮಿಸ್ಸು ಕಾವ್ಯನ್ನ ಮುಂದ್ಕೆ ಕೂರ್ಸವ್ರಲ್ಲ, ಅಂಗೆ.”

ಉತ್ತರ ನೂರಕ್ಕೆ ನೂರು ಸರಿ. ಹೆಮ್ಮೆಯಿಂದ ತಲೆ ಎತ್ತಬೇಕಾದ ಹೊತ್ತಿನಲ್ಲಿ ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದ್ದೆ. ಪಕ್ಕದ ಕುರ್ಚಿಯಿಂದ ಮಾವನವರು ಬಗ್ಗಿ, ಮೆಲ್ಲಗೆ ಹೇಳಿದರು: “ಚೆನ್ನಾಗಿ ಕಲ್ಸಿದ್ದೀಯ ಬುಡವ್ವ.”