ನನ್ನ ಎದಿಯೊಳಗಿನ ಸಾವ್ಕಾರ

ನಿಜಾಮರ ರಾಜ್ಯದಾಗ ಯಾರ ಕೈಕೆಳಗೂ ಇಲ್ಲದವರು ಇಬ್ಬರೇ ಇದ್ದರು. ಒಬ್ಬರು ಹೈದರಾಬಾದಿನ ನಿಜಾಮರು. ಇನ್ನೊಬ್ಬ ಕಲಬುರಗಿಯ ಕಲಾಯಿಯವ, ಅಂದ್ರ ನಾನು. ಖರೆ ಹೇಳಬೇಕಂದ್ರ ನಿಜಾಮರ ತಲಿಮ್ಯಾಲೂ ಇಂಗ್ಲಿಷರು ಕುಂತಿದ್ದರು. ಹಂಗಾಗಿ ಉಳಿದಾವ ನಾನೊಬ್ಬನೇ. ಇದು ಸುಳ್ಳು ಅನ್ನೋರು ಅಂದಿನವರನ್ನ ಯಾರನ್ನಾದ್ರೂ ಸಾಕ್ಷಿಗೆ ಕರಕೊಂಡು ಬರ್ರಿ. ಸಿಗೂದಿಲ್ಲ. ಎಲ್ಲಾರೂ ನನಗಿಂತ ಮೊದಲೇ ಹೋಗಿಬಿಟ್ಟಾರ.

ತನಗ ತಾನೇ ಮಾಲೀಕ ಆದವನ ಬದುಕಿನ್ಯಾಗ ನಗೋ ಪ್ರಸಂಗಕ್ಕ ಬರ ಇಲ್ಲ. ನೌಕರಿಯವ ತಪ್ಪು ಮಾಡಿದ್ರ ಸಾಹೇಬ ಬೈತಾನ, ಅಲ್ಲಿಗೆ ಮುಗೀತು. ನಮ್ಮಂಥವರು ತಪ್ಪು ಮಾಡಿದ್ರ ಬೈಯೋರು ಯಾರು, ಬೈಸಿಕೊಳ್ಳೋರು ಯಾರು ಅಂಬೋದೇ ದೊಡ್ಡ ಪಂಚಾಯ್ತಿ. ಅಂಥವು ಕೆಲವು ಹೇಳ್ತೀನಿ. ನಾನು ಸಾಲಿ ಕಲಿತಾವ ಅಲ್ಲ. ಬರಕೊಳ್ಳಾಕತ್ತಾಕಿ ಮೊಮ್ಮಗಳು. ಬಾಜೂಕ ನಮ್ಮಾಕಿಯ ತಂಗಿ ಕುಂತಾಳ, ಕಮಲಾಪುರದಿಂದ ಬಾಳಿಹಣ್ಣು ತಗೊಂಡು ಬಂದಾಳ. ಆ ಕಾಲಕ್ಕ ಆಕಿ ಲಂಗ ಹಾಕ್ಕೊಂಡು ಓಡ್ಯಾಡೋ ಹುಡುಗಿ. ಹಂಗಾಗಿ ಆಕಿದು ಸಾಕ್ಷಿ ನಡೆಯೂದಿಲ್ಲ.

ಬಾಳಿ ಗೊನಿಯ ಷರತ್ತು

ಮದವಿಯಾದ ಹೊಸದಾಗ ನಾನು ಗಿರಣಿಯೊಳಗ ದುಡೀತಿದ್ದೆ. ನಸುಕಿನ್ಯಾಗ ಗಿರಣಿಯ ಭೋಂಗಾ ಕೂಗಿದ್ರ ಇಡೀ ಓಣಿ ಎದ್ದು ಓಡತಿತ್ತು. ನನಗ ಭೋಂಗಾ ಕೇಳಸ್ತಿರಲಿಲ್ಲ, ನಮ್ಮಾಕಿ ಎಬ್ಬಸತಿದ್ದಳು. ಆದ್ರೂ ಭೋಂಗಾದ ಮ್ಯಾಲ ನನಗ ಸಿಟ್ಟು. ಮನಷ್ಯಾ ಬೈದ್ರ ತಿರುಗಿ ಬೈಬಹುದು, ಭೋಂಗಾಕ್ಕ ಏನಂತ ಬೈತೀರಿ? ಒಂದಿನ ಗಿರಣಿ ಬಿಟ್ಟೆ. ಮನಿಮುಂದ ಭಟ್ಟಿ ಹೂಡಿ, ತಿದಿ ಒತ್ತಿ, ತಾಮ್ರದ ಪಾತ್ರಿಗೆ ತವರದ ಕಲಾಯಿ ಹಾಕೋ ಧಂದೆ ಸುರು ಮಾಡಿದೆ. ಒಳಗ ಕಲಾಯಿ ಇಲ್ಲಂದ್ರ ತಾಮ್ರದಾಗ ಹುಳಿ ಸಾರು ಕಿಲುಬು ಹಿಡೀತದ. ಅಂದ್ರ ಊರಿನ ಹೊಟ್ಟಿ ನನ್ನ ಕೈಯಾಗಿತ್ತು.

ನಮ್ಮಾಕಿ ಪಂಚಮಿಗಂತ ತವರುಮನಿ ಕಮಲಾಪುರಕ್ಕ ಹೋದಾಕಿ ಅಲ್ಲೇ ಇದ್ದಳು. ಕರೀಲಿಕ್ಕೆ ಹೋದೆ. ಮಾವ ಬಾಳಿ ತೋಟದಾವ. ಕಟ್ಟಿಮ್ಯಾಲ ಕುಂತು ಕೇಳಿದ:

"ಅಳ್ಯಾರ, ಈಗ ನಿಮ್ಮನ್ನ ಎಬ್ಬಸೋರು ಯಾರ್ರೀ?"

"ನಾನೇರಿ."

"ಕೆಲಸ ಹೇಳೋರು?"

"ನಾನೇರಿ."

"ಮಾಡೋರು?"

"ಅದೂ ನಾನೇರಿ."

"ಹಂಗಾದ್ರ ಮಲಗೋದೊಂದು ಯಾರೂ ಹೇಳದೇ ಆಗತದ ಬಿಡ್ರಿ."

ಮಾವ ಹಿತ್ತಲದಾಗ ಆಗಷ್ಟೇ ನೆಟ್ಟಿದ್ದ ಕೆಂಪು ಬಾಳಿಯ ಗಿಡ ತೋರಿಸಿದ. "ಇದು ಗೊನಿ ಬಿಟ್ಟು ಹಣ್ಣಾಗೋತನಕ ನಿಮ್ಮ ಭಟ್ಟಿ ಆರಬಾರದು. ನಮ್ಮೂರಿನ ಬಾಳಿ ಬಂಡಿ ದಿನಾ ನಸುಕಿನ್ಯಾಗ ನಿಮ್ಮ ಮನಿಮುಂದ ಹಾದೇ ಮಾರ್ಕೆಟಿಗೆ ಹೋಗ್ತಾವ. ಹೊಳ್ಳಿ ಬರೋವಾಗ ಹೊಗಿ ಕಾಣಿಸ್ತೋ ಇಲ್ಲೋ, ನನಗ ಹೇಳ್ತಾರ. ಆರಿಲ್ಲಂದ್ರ ಮಗಳನ್ನ ಗೊನಿ ಸಮೇತ ಕಳಸ್ತೀನಿ. ಆರಿತೋ, ಸುಮ್ಮನ ಗಿರಣಿಗೆ ಹೋಗ್ರಿ."

ಬ್ಯಾರೆ ಬಾಳಿಗೆ ಒಂದಿಷ್ಟು ಅವಸರ ಇರತದ. ಕಮಲಾಪುರದ ಕೆಂಪು ಬಾಳಿಗೆ ಅದು ಗೊತ್ತೇ ಇಲ್ಲ. ಹೊರಡೋವಾಗ ನಮ್ಮಾಕಿ ಬಾಗಲದಾಗ ನಿಂತು, "ಭೋಂಗಾ ಕೂಗಿದ್ರೂ ಏಳದವರು, ಈಗ ಹ್ಯಾಂಗ ಏಳ್ತೀರಿ?" ಅಂದಳು. ನಾನು ಎದಿ ಮುಟ್ಟಿ, "ಇಲ್ಲೊಬ್ಬ ಸಾವ್ಕಾರ ಅದಾನ, ಅವ ಎಬ್ಬಸ್ತಾನ" ಅಂದೆ. ಆಕಿ ನನ್ನ ಎದಿ ನೋಡಿದಳು. ಆಮ್ಯಾಲ ರಸ್ತಾದಾಗ ಹೊಂಟಿದ್ದ ಬಾಳಿ ಬಂಡಿ ನೋಡಿದಳು. ಪಾಪ, ಗಂಡನ ಮಾತಿಗೆ ಎದುರಾಡೋ ಹೆಣ್ಣಲ್ಲ.

ಟೊಪಗಿ ಮತ್ತು ರುಮಾಲು

ನಾನು ಅಂದಂಗೇ ಆತು ನೋಡ್ರಿ. ಮರುದಿನವೇ ನಸುಕಿನ್ಯಾಗ ಎದಿಯಾಗ ಢಬ್ ಢಬ್ ಢಬ್ ಅಂತು. ದಡಗ್ಗನ ಎದ್ದು ಬಾಗಲಾ ತೆರೆದ್ರ ಯಾರೂ ಇಲ್ಲ. ಅಂದ್ರ ಒಳಗಿನ ಸಾವ್ಕಾರ ಹಾಜರಾಗ್ಯಾನ ಅಂತ ಖಾತ್ರಿ ಆತು. ದಿನಾ ಹಂಗೇ ಬಡೀತಿದ್ದ. ಅಮಾಸಿಗೆ ಮಾತ್ರ ಸುಮ್ಮನಿರ್ತಿದ್ದ. ದೈವಭಕ್ತ ಅದಾನ ಅಂತ ನನಗ ಇನ್ನಷ್ಟು ಗೌರವ ಬಂತು.

ಇಂಥಾ ಸಾವ್ಕಾರಗ ಒಂದು ರೂಪ ಬ್ಯಾಡೇನು? ಕರೇ ಟೊಪಗಿ ಇಟ್ಟರ ನಾನು ಸಾವ್ಕಾರ. ಅದನ್ನ ತಗದು ರುಮಾಲು ಸುತ್ತಿದ್ರ ಆಳು. ಮುಂಜಾನೆ ಇಬ್ಬರ ಭೇಟಿ ಆಗತಿತ್ತು.

ಟೊಪಗಿ ಇಟ್ಟು, "ಯಾಕಲೇ, ನಿನ್ನೆ ಹಂಡೆ ಅರ್ಧಕ್ಕ ಬಿಟ್ಟಿ?"

ರುಮಾಲು ಸುತ್ತಿ, "ಮೈ ನೋಯಾಕತ್ತಿತ್ತರಿ ಸಾವ್ಕಾರ್ರ."

ಮತ್ತ ಟೊಪಗಿ, "ನಿನ್ನ ಮೈ ನನಗ ಗೊತ್ತಿಲ್ಲೇನಲೇ? ಬ್ಯಾಸರಾಗಿತ್ತು ಅನ್ನು."

ಬ್ಯಾರೆ ಮಾಲೀಕಗ ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದು. ಮೈಯೊಳಗೇ ಮನಿ ಮಾಡಿದವನ ಮುಂದ ಸುಳ್ಳು ಹ್ಯಾಂಗ ನಡೀತದ? ಸುಮ್ಮನ ಹಂಡೆ ಮುಗಿಸಿದೆ.

ಬಾಜೂ ಓಣಿಯ ಮುದುಕಿಯೊಬ್ಬಳು ತಂಬಿಗಿ ಹಿಡಕೊಂಡು ಗ್ವಾಡಿ ಆಚೆ ನಿಂತು ಇಷ್ಟೂ ಕೇಳಿದ್ದಳು. ನೋಡಿರಲಿಲ್ಲ. ನಾನು ರುಮಾಲು ಸುತ್ತಿಕೊಂಡು ಹೊರಗ ಬಂದ್ರ, ಕಿವಿ ಹತ್ರ ಬಂದು, "ಯಪ್ಪಾ, ಎಂಥಾ ಬಾಯಿ ನಿಮ್ಮ ಸಾವ್ಕಾರಂದು! ಬಿಟ್ಟು ಬಾ, ನನ್ನ ಮಗನ ಅಂಗಡ್ಯಾಗ ಕೆಲಸ ಕೊಡಸ್ತೀನಿ" ಅಂದಳು.

"ಬಿಡಲಿಕ್ಕೆ ಬರೂದಿಲ್ಲಬೇ ಯವ್ವಾ. ನಾವಿಬ್ಬರೂ ಒಂದೇ ತಾಟಿನ್ಯಾಗ ಉಣ್ಣೋರು."

ಮುದುಕಿ ಕರಗಿಬಿಟ್ಟಳು. "ಆಳಿನ ಜೋಡಿ ಒಂದೇ ತಾಟಿನ್ಯಾಗ ಉಣ್ತಾನೇನು? ಹಂಗಾದ್ರ ಬಾಯಿ ಕೆಟ್ಟದ್ದು, ಮನಸು ಬಂಗಾರ ಬಿಡು."

ರೋಜಾದ ದೇಗು

ಉರುಸಿನ ದಿನ ಆಳು ರಜಾ ಕೇಳಿದ. ಸಾವ್ಕಾರ ಇಲ್ಲ ಅಂದ. ಆಳು ಭಟ್ಟಿಗೆ ಇದ್ದಲಿ ತುಂಬಿ ಬೂದಿ ಮುಚ್ಚಿ, ಸಾವ್ಕಾರನ್ನ ಗೂಟಕ್ಕ ತೂಗುಹಾಕಿ, ರೋಜಾದ ದರ್ಗಾ ಕಡೆ ನಡೆದುಬಿಟ್ಟ.

ಅಲ್ಲಿ ಒಬ್ಬ ಅಡಗಿಯವ ನನ್ನ ಕರೇ ಕೈ ನೋಡಿಯೇ ಗುರ್ತು ಹಿಡದ. "ಅರೇ ಕಲಾಯಿವಾಲೇ, ಆವೋ ಇಧರ್!" ಅವನ ದೇಗು, ಅನ್ನ ಬೇಯಿಸೋ ತಾಮ್ರದ ಪಾತ್ರಿ, ಎಷ್ಟು ದೊಡ್ಡದಂದ್ರ, ಅದರಾಗ ಜಟಕಾ ಕುದುರಿ ಸಮೇತ ಒಂದು ಸುತ್ತು ಹೊಳ್ಳಿ ಬರಬಹುದಿತ್ತು. ಕಲಾಯಿಗೆ ಮೊದಲು ತಳಾ ತಿಕ್ಕಬೇಕು. ದೊಡ್ಡ ಪಾತ್ರಿ ಕೈಲೆ ತಿಕ್ಕೋದಲ್ಲ. ಹಸಿ ಉಸುಕು ಹಾಕಿ, ಒಳಗಿಳಿದು, ಅಂಚು ಹಿಡಕೊಂಡು, ಕಾಲಿಲೆ ಗರಗರ ತಿರುಗಬೇಕು.

ನಾನು ತಿರುಗಲಿಕ್ಕತ್ತೆ. ಹೊರಗಿನವರಿಗೆ ಕಾಣೋದು ತಲಿಯೊಂದೇ, ಕಣ್ಣು ಮುಚ್ಚಿದ್ದು, ತಿರುಗೋದು. ಮಂದಿ ಕೂಡಿತು. ಯಾರೋ ಹೂ ಹಾಕಿದರು. ಯಾರೋ ಸಕ್ಕರಿ ಇಟ್ಟರು. ಒಬ್ಬಾತ ಕೈಮುಗದು, "ಬಾಬಾ, ನನ್ನ ಮಗ ನೌಕರಿ ಬಿಟ್ಟು ಸ್ವಂತ ಅಂಗಡಿ ಹಾಕ್ತೀನಿ ಅಂತಾನ. ಹಾಕಲೇನು?" ಅಂತ ಕೇಳಿದ.

ನಾನು ತಿರುಗತಾ ತಿರುಗತಾ ಹೇಳಿದೆ: "ಹಾಕಲಿ. ತನ್ನ ಕಾಲಿನ ಕೆಳಗ ತಾನೇ ನೋಡಿಕೊಂಡವಗ ಬ್ಯಾರೆಯವರ ಭೋಂಗಾ ಬೇಕಾಗೂದಿಲ್ಲ."

ಮಂದಿ "ವಾಹ್" ಅಂತು. ಅಷ್ಟರಾಗ ಅಡಗಿಯವ ಒಳಗ ಬಗ್ಗಿ ನೋಡಿ ಅಂದ: "ಬಾಬಾ, ನಿನ್ನ ಕಾಲಿನ ಕೆಳಗ ಇನ್ನೂ ಕರ್ರಗ ಅದ. ಮೊದಲು ಅದನ್ನ ನೋಡಿಕೋ."

ಸಲಾಮು

ಹಿಂದೂಸ್ತಾನದ ಫೌಜು ನುಗ್ಗಿ ಬಂದು ಪೊಲೀಸ್ ಆಕ್ಷನ್ ಆದ ದಿನಗಳು ನಗೋ ದಿನ ಆಗಿರಲಿಲ್ಲ. ಗಿರಣಿ ಭೋಂಗಾ ನಿಂತಿತ್ತು, ರಸ್ತಾ ಬಿಕೋ ಅಂತಿತ್ತು, ಒಂದೂ ಬಂಡಿ ಕಾಣ್ತಿರಲಿಲ್ಲ. ಜನ ಬಾಗಲಾ ಹಾಕ್ಕೊಂಡು ಒಬ್ಬರ ಮಾರಿ ಒಬ್ಬರು ನೋಡ್ತಾ ಕುಂತಿದ್ದರು. ನನ್ನ ಎದಿಯೊಳಗಿನ ಸಾವ್ಕಾರನೂ ಬಡಿಯೋದು ಬಿಟ್ಟಿದ್ದ. ಅವನೂ ಹೆದರ್ಯಾನ ಅಂದ್ಕೊಂಡು ನಾನೂ ಮಲಗಿದ್ದೆ. ಆದ್ರ ಎದಿಯಾಗ ಒಂದೇ ಸಂಕಟ: ಭಟ್ಟಿ ಆರೋದ್ರಾಗಿತ್ತು.

ಒಂದು ಮುಂಜಾನೆ ಢಬ್ ಢಬ್ ಢಬ್. "ಬಂದೆರಿ ಸಾವ್ಕಾರ್ರ!" ಅಂತ ಎದ್ದು ಬಾಗಲಾ ತೆರೆದೆ. ಬಾಗಲೆತ್ತರದ ಫೌಜಿನ ಸಿಪಾಯಿ, ಕೈಯಾಗ ತಾಮ್ರದ ಪಾತ್ರಿ. ಮಾರ್ಗದಾಗ ಕಲಾಯಿ ಹೋಗಿ, ಅಡಗಿ ಕಿಲುಬು ಹಿಡೀಲಿಕ್ಕತ್ತಿತ್ತಂತ.

"ದುಕಾನ್ ಕಾ ಮಾಲಿಕ್ ಕೌನ್?" ಅಂದ.

"ಕರೀತೀನ್ರಿ" ಅಂತ ಒಳಗ ಹೋಗಿ ಟೊಪಗಿ ಇಟ್ಟುಕೊಂಡು ಬಂದೆ. ಸಿಪಾಯಿ ನನ್ನ ಮಾರಿ ನೋಡಿದ, ಟೊಪಗಿ ನೋಡಿದ, ನಕ್ಕೋತ ಸಲಾಮ್ ಹೊಡದ. ಭಟ್ಟಿಯ ಕೊನೇ ಕೆಂಡಕ್ಕ ತಿದಿ ಒತ್ತಿದೆ.

ನಿಜಾಮರ ಸೈನ್ಯ ಶರಣಾದ ಆ ವಾರದಾಗ, ಹಿಂದೂಸ್ತಾನದ ಫೌಜಿನಿಂದ ಸಲಾಮ್ ಹೊಡಿಸಿಕೊಂಡವ ಇಡೀ ರಿಯಾಸತ್ತಿನ್ಯಾಗ ನಾನೊಬ್ಬನೇ.

ಗೊನಿ ಹಣ್ಣಾತು

ಕಡೀಕ ಗೊನಿ ಕೆಂಪಾತು. ಕಮಲಾಪುರಕ್ಕ ಹೋದೆ. ಮಾವ ಮೀಸಿ ತಿರುವಿ ಅಂದ: "ಭಟ್ಟಿ ಆರಿಲ್ಲಂತ ಬಂಡಿಯವರು ಹೇಳ್ಯಾರ. ಆದ್ರೂ ನನ್ನ ಕಣ್ಣಿಲೆ ನೋಡಬೇಕು. ಇವತ್ತು ಇಲ್ಲೇ ಪಡಸಾಲ್ಯಾಗ ಮಲಗ್ರಿ. ನಾನು ಏಳೋದರಾಗ ನಮ್ಮ ಮನಿ ಹಂಡೆಗೆ ಕಲಾಯಿ ಆಗಿರಬೇಕು. ಮನಿ ಮಂದಿಯೆಲ್ಲಾ ಕೇಳ್ರಿ, ಯಾರೂ ಇವರನ್ನ ಎಬ್ಬಸಬಾರದು."

ನಾನು ನಿಶ್ಚಿಂತಿ ಮಲಗಿದೆ. ನಸುಕಿನ್ಯಾಗ, ಢಬ್ ಢಬ್ ಢಬ್. ನನ್ನ ಸಾವ್ಕಾರ ಬೀಗರ ಊರಿಗೂ ಬಂದಿದ್ದ. ಮಾವ ಎದ್ದು ಬಂದಾಗ ಹಂಡೆ ಕನ್ನಡಿಯಂಗ ಹೊಳೀತಿತ್ತು. ಅದರಾಗ ತನ್ನ ಮೀಸಿ ತಾನೇ ನೋಡಿಕೊಂಡು, ಹಿತ್ತಲಕ್ಕ ಹೋಗಿ ಗೊನಿ ಕಡಿದ. ಬಂಡಿಯಾಗ ಮುಂದ ಗೊನಿ, ಹಿಂದ ನಮ್ಮಾಕಿ.

ಆಕಿ ಮನಿಗೆ ಬಂದ ದಿನದಿಂದ ಎದಿಯಾಗ ಬಡಿಯೋದು ನಿಂತುಹೋತು. ಸಾವ್ಕಾರ ಆಕಿಗೆ ಕಾರಭಾರ ಒಪ್ಪಿಸಿ ಕಾಶಿಗೆ ಹೋದ ಅಂತ ಇಲ್ಲಿತನಕ ಎಲ್ಲಾರಿಗೂ ಹೇಳತಾ ಬಂದೀನಿ.

ಈಗಷ್ಟೇ ನಮ್ಮಾಕಿಯ ತಂಗಿ ಬಾಳಿಹಣ್ಣು ಸುಲಿಯೋದು ನಿಲ್ಲಿಸಿ ಕೇಳಿದಳು: "ಮಾಮಾ, ಅಮಾಸಿಗೆ ಬಡೀತಿರಲಿಲ್ಲ ಅಂದ್ರಲ್ಲ. ಅಮಾಸಿಗೆ ನಮ್ಮೂರಾಗ ಎತ್ತಿನ ಹೆಗಲಿಗೆ ನೊಗ ಇಡ್ತಾರೇನ್ರಿ?"

"ಇಲ್ಲ."

"ಪೊಲೀಸ್ ಆಕ್ಷನ್ನಿನ್ಯಾಗ ಬಂಡಿ ಹೊಂಟಿದ್ವೇನು?"

"ಇಲ್ಲ. ಯಾಕ?"

"ಅಕ್ಕ ಬಂಡಿಯವರಿಗೆ ದಿನಾ ರೊಟ್ಟಿ ಬುತ್ತಿ ಕಟ್ಟತಿದ್ದಳ್ರಿ. ಬಾರಕೋಲಿಲೆ ನಿಮ್ಮ ಬಾಗಲಾ ಬಡದು ಸುಮ್ಮನ ಮುಂದ ಹೋಗ್ರಿ ಅಂತ. ಬುತ್ತಿ ಒಯ್ದು ಕೊಡಾಕಿ ನಾನೇ."

"ಮತ್ತ ನಿಮ್ಮ ಮನಿಯಾಗ ಬಡದದ್ದು? ಪಡಸಾಲಿಗೆ ಯಾವ ಬಂಡಿ ಬಂದಿತ್ತು?"

"ಅಲ್ಲಿ ಒನಕಿಲೆ ಗ್ವಾಡಿ ಬಡದಾಕಿ ನಾನೇರಿ. ಅಕ್ಕ ಹೇಳಿದ್ದಳು."

ಮೊಮ್ಮಗಳು ಬರಿಯೋದು ನಿಲ್ಲಿಸಿ ನನ್ನ ಮಾರಿ ನೋಡಾಕತ್ತಾಳ. ನಾನು ಭುಜ ಕುಣಿಸಿ, ನಾದಿನಿ ಕೈಯಾಗಿನ ಹಣ್ಣು ಇಸಕೊಂಡೆ.

"ಬಡದವರು ಯಾರಾದ್ರೂ ಇರಲಿ. ಎದ್ದಾವ ನಾನೇ ಅಲ್ಲೇನು?"