ಮೈಗಳ್ಳ ಗಡಿಗೆ

ನಿಧಾನಸ್ಥರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿದವನು ನಾನು. ಬೋರ್ಡಿನ ಮೇಲೆ ಲೆಕ್ಕ ಬರೆದು ಈ ಕಡೆ ತಿರುಗುವಷ್ಟರಲ್ಲಿ ಉತ್ತರ ಬರದಿದ್ದರೆ ಕೈಯಲ್ಲಿದ್ದ ಸೀಮೆಸುಣ್ಣ ತಾನಾಗಿಯೇ ಯಾರದೋ ತಲೆಯ ಕಡೆಗೆ ಹೊರಟುಬಿಡುತ್ತಿತ್ತು. ಊಟವೂ ಅದೇ ಥರ. ಎರಡು ಬೆಲ್ಲುಗಳ ನಡುವೆ ಮೂರು ರೊಟ್ಟಿ ಮುರಿದು ನುಂಗಿ ಕೈತೊಳೆದವನಿಗೆ ಅವತ್ತಿನ ಪಲ್ಯ ಬದನೆಕಾಯಿಯದೋ ಹೀರೆಕಾಯಿಯದೋ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಡುಗೆಮನೆಗೆ ನಾನು ಹೋಗುತ್ತಿದ್ದದ್ದು ನೀರು ಕುಡಿಯಲು, ಅದೂ ನನ್ನ ಹೆಂಡತಿ ಕೊಟ್ರಮ್ಮ, ನಾನು ಕರೆದರೂ ಕೇಳಿಸದಷ್ಟು ದೂರ ಇದ್ದಾಗ ಮಾತ್ರ. ಇಂಥವನ ಪಾಲಿಗೆ, ಒಂದು ಹುರುಳಿ ಸಾರಿಗೆ ಎಂಟು ತಾಸು ತೆಗೆದುಕೊಳ್ಳುವ ಗಡಿಗೆಯೊಂದು ಬಂದು ಬಿತ್ತು. ಮೊಬೈಲು ಇನ್ನೂ ನಮ್ಮ ಓಣಿಗೆ ಬಂದಿರದ ಕಾಲ ಅದು.

ಗಡಿಗೆ ಯಾಕೆ ಬಂತು ಎಂದು ಹೇಳಬೇಕಾದರೆ ಕೊಟ್ರಮ್ಮನ ಬಾಯಿಯ ವಿಷಯ ಹೇಳಲೇಬೇಕು. ಒಳಗೆನ್ನೆಯಲ್ಲಿ ಒಂದು ಹುಣ್ಣಾಗಿತ್ತು. ಹಲ್ಲು ತಾಗಿರಬೇಕು ಎಂದು ಆಕೆ ಜೇನುತುಪ್ಪ ಹಚ್ಚಿಕೊಂಡಳು. ಆರು ತಿಂಗಳು ಹಚ್ಚಿದಳು. ಕಡೆಗೆ ದಾವಣಗೆರೆಗೆ ಹೋದಾಗ ಡಾಕ್ಟರು ಕೆನ್ನೆಯನ್ನೂ ದವಡೆಯ ಒಂದು ತುಂಡನ್ನೂ ತೆಗೆದರು. ಎಲೆ ಅಡಿಕೆಯ ಜೊತೆ ತಂಬಾಕು ಹಾಕುತ್ತಿದ್ದರೇ ಎಂದು ಅವರು ಕೇಳಿದರು. ಹಾಕುತ್ತಿದ್ದಳು. ಸಂತೆಯಲ್ಲಿ ಮೂಸಿ ನೋಡಿ, ಖಾರ ಇದ್ದದ್ದನ್ನೇ ಆರಿಸಿ, ಕಾಗದದ ಪೊಟ್ಟಣ ಕಟ್ಟಿಸಿ ತರುತ್ತಿದ್ದವನು ನಾನು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಹೇಳಿದ್ದನ್ನು ಮರೆಯದೆ ತಂದ ವಸ್ತು ಅದೊಂದೇ ಇರಬೇಕು. ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಡಾಕ್ಟರು ಇನ್ನು ಆರು ತಿಂಗಳು ಎಂದರು. ಆಕೆಗೆ ಹೇಳಬೇಡಿ ಎಂದೂ ಅಂದರು. ನಾನು ಹೇಳಲಿಲ್ಲ.

ಆಕೆ ಇನ್ನು ಅಗಿಯುವ ಹಾಗಿರಲಿಲ್ಲ. ಚೆನ್ನಾಗಿ ಬೆಂದು ಕರಗಿದ್ದನ್ನು ಬಟ್ಟೆಯಲ್ಲಿ ಸೋಸಿ ಚಮಚದಲ್ಲಿ ಕುಡಿಸಬೇಕಿತ್ತು. ನಮಗೆ ಮಕ್ಕಳಿಲ್ಲ. ಹಿರೇಹಡಗಲಿಯಿಂದ ಆಕೆಯ ಚಿಗವ್ವ ಗಂಗವ್ವ, ಅಂದರೆ ತಾಯಿಯ ತಂಗಿ, ಗಂಟು ಕಟ್ಟಿಕೊಂಡು ಬಂದಳು. ತಾನಿದ್ದು ಅಡುಗೆ ಮಾಡುತ್ತೇನೆ ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಕೊಟ್ರಮ್ಮ ಮಾತ್ರ ಮೂರನೇ ದಿನವೇ ಆಕೆಯನ್ನು ವಾಪಸ್ ಕಳಿಸಿದಳು. ಮಾತಾಡುವುದು ಕಷ್ಟವಾಗಿದ್ದರಿಂದ ನಾನು ಸಾಲೆಯಿಂದ ತಂದಿದ್ದ ಸ್ಲೇಟಿನ ಮೇಲೆ ಬರೆದಳು: "ಗಂಗವ್ವ ಇದ್ರ ನೀವು ಕಲಿಯಾಂಗಿಲ್ಲ. ನಾ ಹೋದ ಮ್ಯಾಲ ಏನ್ ತಿಂತೀರಿ?"

ಡಾಕ್ಟರು ವರಾಂಡದಲ್ಲಿ ಹೇಳಿದ್ದು ಆಕೆಗೆ ಒಳಗೆ ಮಲಗಿದ್ದಲ್ಲೇ ಗೊತ್ತಾಗಿತ್ತು. ಅಲ್ಲಿಗೆ ನಮ್ಮ ಮನೆಯ ಕೆಲಸ ಎರಡು ಭಾಗವಾಯಿತು. ಆಕೆಯ ಹೊಟ್ಟೆಗೆ ಹೇಗಾದರೂ ಏನಾದರೂ ಹಾಕುವುದು ನನ್ನ ಕೆಲಸ. ಹೋಗುವುದರೊಳಗೆ ನನ್ನ ಕೈಯಲ್ಲಿ ಒಂದು ಅಡುಗೆಯನ್ನಾದರೂ ನೆಟ್ಟಗೆ ಮಾಡಿಸುವುದು ಆಕೆಯ ಕೆಲಸ.

ಗಡಿಗೆಯನ್ನು ತಂದವನು ಆಕೆಯ ತಮ್ಮ ಬಸವರಾಜ. ಮಸ್ಕತ್ತಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದವನು ಅಕ್ಕನನ್ನು ನೋಡಲು ರಜೆ ಹಾಕಿ ಬಂದಿದ್ದ. ಬೇರೆಯವರು ಬಂಗಾರ ತರುತ್ತಾರೆ, ಸೆಂಟು ತರುತ್ತಾರೆ. ಇವನು ಪಿಂಗಾಣಿಯ ದಪ್ಪ ಪಾತ್ರೆ, ಗಾಜಿನ ಮುಚ್ಚಳ, ಕರೆಂಟಿನ ವೈರು ಇದ್ದ ಹೊರೆಯೊಂದನ್ನು ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. "ಮಾಮ, ಇದಕ್ಕ ಬೆಂಕಿ ಬ್ಯಾಡ, ಕಾಯೋದು ಬ್ಯಾಡ. ಮುಂಜಾನಿ ಕಾಳು ನೀರು ಹಾಕಿ ಗುಂಡಿ ತಿರುವಿ ಸಾಲಿಗೆ ಹೋಗ್ರಿ. ಸಂಜಿಕಿ ಬರೂದ್ರಾಗ ಬೆಂದಿರ್ತೈತಿ" ಎಂದ. ಅದರ ಪೆಟ್ಟಿಗೆಯ ಮೇಲೆ ಕುರಿಯ ಕಾಲೊಂದರ ಬಣ್ಣದ ಚಿತ್ರವಿತ್ತು. ಲಿಂಗ ಕಟ್ಟಿಕೊಂಡವರ ಮನೆಗೆ ಇದೇನು ಬಂತು ಎಂದು ಓಣಿಯವರು ಕೇಳಬಾರದೆಂದು ಪೆಟ್ಟಿಗೆಯನ್ನು ಅವತ್ತೇ ಹರಿದು ನೀರೊಲೆಗೆ ಹಾಕಿದೆ. ಅದರ ಜೊತೆ ಹೇಗೆ ಅಡುಗೆ ಮಾಡಬೇಕೆಂಬ ಪುಸ್ತಕವೂ ಸುಟ್ಟುಹೋಯಿತು. ಅದರ ಮೂರು ಚೌಕ ಕಡ್ಡಿಗಳ ಪಿನ್ನು ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದದೆ, ಬಸವರಾಜನೇ ಅದನ್ನು ಕತ್ತರಿಸಿ ಬೇರೆ ಪಿನ್ನು ಕಟ್ಟಿಕೊಟ್ಟ. ಕೊಟ್ರಮ್ಮ ಅದನ್ನು ಒಂದು ದಿನ ನೋಡಿ ಸ್ಲೇಟಿನ ಮೇಲೆ ಹೆಸರಿಟ್ಟಳು: ಮೈಗಳ್ಳ ಗಡಿಗಿ. ಬರೆದಾದ ಮೇಲೆ ನನ್ನ ಕಡೆಗೂ ಒಮ್ಮೆ ನೋಡಿದಳು.

ಮೊದಲ ದಿನ ಹುರುಳಿ, ನೀರು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹುಣಸೆಹಣ್ಣು, ಖಾರ, ಉಪ್ಪು ಎಲ್ಲವನ್ನೂ ಒಟ್ಟಿಗೆ ಸುರಿದು ಸಾಲೆಗೆ ಹೋದೆ. ಸಂಜೆ ಬಂದು ಮುಚ್ಚಳ ತೆಗೆದರೆ ಕಾಳುಗಳು ಬೆಳಿಗ್ಗೆ ಹೇಗಿದ್ದವೋ ಹಾಗೆಯೇ ತಳದಲ್ಲಿ ಕೂತಿದ್ದವು. ಬರೀ ತಿಳಿಯನ್ನು ಕುಡಿಸಿದೆ. ಆಕೆ ಸ್ಲೇಟು ತೆಗೆದುಕೊಂಡು ನೂರಕ್ಕೆ ಎಂಟು ಎಂದು ಬರೆದಳು. ಕೆಳಗೆ ಕಾರಣ: "ಉಪ್ಪು ಹುಳಿ ಮೊದಲ ಹಾಕಿದ್ರ ಕಾಳು ಬೇಯಾಂಗಿಲ್ಲ. ಉಪ್ಪು ಕಡೀಕ." ಮೂವತ್ತು ವರ್ಷ ನಾನು ತಿಂದ ಸಾರಿನಲ್ಲಿ ಉಪ್ಪು ಯಾವಾಗ ಬೀಳುತ್ತದೆ ಎಂಬುದು ನನಗೆ ಅವತ್ತು ಗೊತ್ತಾಯಿತು. ಆಮೇಲೆ ಹನ್ನೆರಡು ಬಂತು, ಹತ್ತೊಂಬತ್ತು ಬಂತು, ಬದನೆಕಾಯಿ ಹಾಕಿದ ದಿನ ಹದಿನೈದಕ್ಕೆ ಇಳಿಯಿತು. ಪಾಸಾಗಲು ಮೂವತ್ತೈದು ಬೇಕು. ಒಂದು ಭಾನುವಾರ ಮೂವತ್ನಾಲ್ಕು ಬಂತು. ಒಂದೇ ಒಂದು ಗ್ರೇಸ್ ಮಾರ್ಕು ಹಾಕಬಾರದೇನು ಎಂದು ಕೇಳಿದೆ. ಆಕೆ ಬರೆದಳು: "ನೀವು ಎಷ್ಟು ಮಂದಿಗೆ ಹಾಕೀರಿ?" ನಾನು ಯಾರಿಗೂ ಹಾಕಿರಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ.

ಸಾರು ಕೆಡುವುದಕ್ಕೆ ನಾನೊಬ್ಬನೇ ಕಾರಣನಲ್ಲ. ಕರೆಂಟೂ ಇತ್ತು. ಎಂಟು ತಾಸು ಬೇಕೆನ್ನುವ ಗಡಿಗೆಗೆ ನಮ್ಮೂರಿನಲ್ಲಿ ಎರಡು ತಾಸು ಇದ್ದು ಮೂರು ತಾಸು ಹೋಗುವ ಕರೆಂಟು. ಇದಕ್ಕೂ ಕೊಟ್ರಮ್ಮನೇ ದಾರಿ ಕಂಡುಹಿಡಿದಳು. ಕರೆಂಟು ಹೋದ ಕೂಡಲೇ ಗಡಿಗೆಯನ್ನು ಇದ್ದಲ್ಲೇ ಕೌದಿಯಲ್ಲಿ ಸುತ್ತಬೇಕು, ಕಾವು ಒಳಗೇ ಉಳಿಯುತ್ತದೆ, ಬಂದ ಕೂಡಲೇ ಬಿಚ್ಚಬೇಕು. ಹಳೆಯ ಸೀರೆಗಳನ್ನು ಕೂಡಿಸಿ ಆಕೆಯೇ ಹೊಲಿದ ಕೌದಿ ಅದು. ಮಂಚದ ಮೇಲೆ ಆಕೆ, ಮೂಲೆಯಲ್ಲಿ ಗಡಿಗೆ, ಇಬ್ಬರಿಗೂ ಹೊದಿಸುವುದು ತೆಗೆಯುವುದು ಮಾಡುತ್ತ ನಾನು ಸಾಲೆಗೆ ರಜೆ ಹಾಕಿ ಕೂತೆ. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಚಮಚಗಳು ಹತ್ತರಿಂದ ಆರಕ್ಕೆ, ಆರರಿಂದ ಮೂರಕ್ಕೆ ಇಳಿದವು. ಅಂಕಗಳೂ ನಿಂತವು. ಸ್ಲೇಟು ಹಿಡಿಯಲು ಕೈಗೆ ಬಲ ಇರಲಿಲ್ಲ.

ಆ ದಿನ ಬೆಳಿಗ್ಗೆ ಎಂದಿನಂತೆ ಹುರುಳಿ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಾಳು ಬಿರಿದು ಮೆತ್ತಗಾಗತೊಡಗಿದ್ದವು. ಹುಣಸೆ ರಸ, ಖಾರ ಹಾಕಿ ಬಂದು, ಮಂಚದ ಪಕ್ಕದಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತೆ. ರಜೆಯಲ್ಲಿದ್ದರೂ ಪೇಪರು ಮಾತ್ರ ಮನೆಗೆ ಬರುತ್ತಿದ್ದವು. ಕೊಟ್ರಮ್ಮ ಕಣ್ಣು ಬಿಟ್ಟು, ಸ್ಲೇಟಿಲ್ಲದೆ, ಬಾಯಿಯಿಂದಲೇ ಕೇಳಿದಳು.

"ಉಪ್ಪು ಹಾಕೀರೇನ್ರಿ?"

ಅಷ್ಟು ಮಾತಾಡಿ ಆಕೆಗೆ ವಾರವಾಗಿತ್ತು. ನಾನಾದರೋ ಒಬ್ಬ ದಡ್ಡನ ಲೆಕ್ಕದ ನಡುವೆ ಇದ್ದೆ. ತಲೆ ಎತ್ತದೆ "ಹಾಕೀನಿ" ಎಂದೆ. ಪೇಪರು ಮುಗಿಸಿ ಎದ್ದು ಹಾಕಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಎದ್ದು ಗಡಿಗೆಗೆ ಕೌದಿ ಸುತ್ತಿ ಬಂದು ನೋಡಿದರೆ ಕೊಟ್ರಮ್ಮನ ಉಸಿರು ಬೇರೆ ಥರ ಆಗಿತ್ತು. ಮೂರು ಗಂಟೆಗೆ ನಿಂತಿತು.

ನಮ್ಮ ಕಡೆ ಸಾವಾದ ಮನೆಯಲ್ಲಿ ಮಣ್ಣು ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಹಚ್ಚುವುದಿಲ್ಲ. ಹೊತ್ತು ಮುಳುಗುವ ವೇಳೆಗೆ ಗಂಗವ್ವ ಬಂದಳು, ಭಜನೆಯವರು ಬಂದರು. ಕೊಟ್ರಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿದ್ದರು. ಆಗ ಕರೆಂಟು ಬಂತು. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿ ಖಾರದಲ್ಲಿ ಬೇಯುವ ಹುರುಳಿಯ ವಾಸನೆ ಪಡಸಾಲೆಗೆ ಹಬ್ಬಿತು. ತಾಳ ಹಾಕುತ್ತಿದ್ದವನ ಕೈ ತಡವರಿಸಿತು. ಮಧ್ಯಾಹ್ನದಿಂದ ಬಾಯಿಗೆ ಏನೂ ಹಾಕದ ಜನ. ಎಲ್ಲರ ಮೂಗುಗಳೂ ಎದ್ದವು, ತಲೆಗಳು ಮಾತ್ರ ಬಗ್ಗಿಯೇ ಇದ್ದವು.

"ಸತ್ತ ಮನ್ಯಾಗ ಯಾರ್ರೀ ಒಲಿ ಹಚ್ಚಿದೋರು?" ಗಂಗವ್ವ ಎದ್ದಳು. ಒಲೆ ತಣ್ಣಗಿತ್ತು. ಸ್ಟೌವು ತಣ್ಣಗಿತ್ತು. ಮೂಲೆಯ ಕೌದಿಯ ಗಂಟನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಮೇಷ್ಟ್ರ, ಏನ್ರೀ ಇದು?"

ಇದಕ್ಕೆ ಬೆಂಕಿ ಇಲ್ಲ, ಎಂದೆ. ಭಜನೆಯ ಹಿರಿಯರೊಬ್ಬರು ಬೆಂಕಿ ಇಲ್ಲದ್ದು ಒಲೆ ಹೇಗಾದೀತು ಎಂದರು. ಇನ್ನೊಬ್ಬರು ಬೇಯುತ್ತಿದೆಯಲ್ಲ, ಬೆಂದರೆ ಒಲೆಯೇ ಎಂದರು. ಕೊಟ್ರಮ್ಮನ ಮುಂದೆಯೇ ಈ ವಾದ ಹತ್ತು ನಿಮಿಷ ನಡೆಯಿತು. ಕಡೆಗೆ ಗಂಗವ್ವ ವೈರು ಹಿಡಿದು ಪಿನ್ನು ಕಿತ್ತಳು. "ನಾಳಿ ಮಣ್ಣಾದ ಮ್ಯಾಲ ಹಿತ್ತಲಕ್ಕ ಚೆಲ್ರಿ" ಎಂದು ನನಗೆ ಹೇಳಿ ಹೋಗಿ ಕೂತಳು.

ಮಾರನೆಯ ದಿನ ಮಣ್ಣು ಮಾಡಿ, ಸ್ನಾನ ಮಾಡಿ ಬಂದೆವು. ಪಕ್ಕದ ಮನೆಯವರು ಅನ್ನ ತಂದಿಟ್ಟರು. ನಾನು ಗಡಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಚೆಲ್ಲುವ ಮೊದಲು ಕೌದಿ ಬಿಚ್ಚಬೇಕಲ್ಲ, ಬಿಚ್ಚಿದೆ. ಇನ್ನೂ ಉಗುರುಬೆಚ್ಚಗಿತ್ತು. ಒಂದು ಕಾಳನ್ನು ಬೆರಳಲ್ಲಿ ಒತ್ತಿದೆ. ಗುರುತೇ ಸಿಗದಂತೆ ಕರಗಿತು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹಾಗೆ ಬೆಂದಿರಲಿಲ್ಲ. ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ.

ಉಪ್ಪಿರಲಿಲ್ಲ.

ಹಿಂದೆ ಗಂಗವ್ವ ಬಂದು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಆಕೆಯೂ ಒಂದು ಬೆರಳು ಅದ್ದಿ ನೆಕ್ಕಿದಳು. "ಉಪ್ಪ ಹಾಕಿಲ್ಲಲ್ರೀ."

"ಹಾಕೀನಿ ಅಂತ ಹೇಳಿದ್ದೆ ಆಕಿಗೆ" ಎಂದೆ. ಅಷ್ಟು ಹೇಳುವುದರಲ್ಲಿ ನನಗೆ ತಡೆಯಲಾಗಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತೆ. ಹಿಂದಿನ ದಿನ ಅಷ್ಟು ಜನರ ಮುಂದೆ ಬಾರದ ಅಳು ಒಂದು ಗಡಿಗೆಯ ಮುಂದೆ ಬಂತು. ಗಂಗವ್ವ ಒಳಗೆ ಹೋಗಿ ಉಪ್ಪಿನ ಭರಣಿ ತಂದು ನನ್ನ ಕೈಯಲ್ಲಿಟ್ಟಳು.

"ಈಗ ಹಾಕ್ರಿ" ಎಂದಳು.

ಹಾಕಿದೆ. ಇಬ್ಬರೂ ಅಲ್ಲೇ ಕೂತು, ಚೆಲ್ಲಬೇಕಾದದ್ದನ್ನು ಅನ್ನಕ್ಕೆ ಕಲಸಿಕೊಂಡು ಉಂಡೆವು. ಮೂವತ್ತೈದು ಬರುತ್ತಿತ್ತು ಎಂದು ನನ್ನ ಅಂದಾಜು. ಕೊಡುವವರು ಇರಲಿಲ್ಲ.

ಆ ಗಡಿಗೆ ಈಗಲೂ ಇದೆ. ಮುಚ್ಚಳದ ಗಾಜು ಬಿರುಕು ಬಿಟ್ಟಿದೆ, ತಾಟು ಮುಚ್ಚುತ್ತೇನೆ. ನಿವೃತ್ತನಾಗಿದ್ದೇನೆ, ಎಂಟು ತಾಸು ಕಾಯುವುದು ಈಗ ಅಂಥ ದೊಡ್ಡ ವಿಷಯವಲ್ಲ. ಕಾಳು ಮೆತ್ತಗಾಗುವ ಹೊತ್ತಿಗೆ ಯಾರೋ ಕೇಳಿದಂತಾಗಿ "ಹಾಕೀನಿ" ಎನ್ನುತ್ತೇನೆ. ಎಂದ ಮೇಲೆ ಎದ್ದು ಹೋಗಿ ಹಾಕುತ್ತೇನೆ. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆಯೂ ಹಾಕುತ್ತೇನೆ. ಹೀಗಾಗಿ ಬಿಪಿ ಏರಿದೆ. ತಿಂಗಳಿಗೊಮ್ಮೆ ತೋಳಿಗೆ ಪಟ್ಟಿ ಸುತ್ತಿ ನೋಡುವ ಡಾಕ್ಟರು ಉಪ್ಪು ಕಡಿಮೆ ಮಾಡಿದ್ದೀರೇನ್ರಿ ಮೇಷ್ಟ್ರೇ ಎಂದು ಕೇಳುತ್ತಾರೆ.

ನಾನು ತಲೆ ಎತ್ತದೆ, ಮಾಡೀನಿ ಎನ್ನುತ್ತೇನೆ.