ನೀರಿಳಿಯದ ಕೋಟು

ನಲವತ್ತೈದು ದಾಟಿದ ಗಂಡಸಿಗೆ ಬೆಟ್ಟ ಹತ್ತುವ ಆಸೆ ಹುಟ್ಟಬಾರದು. ಹುಟ್ಟಿದರೂ ಅದನ್ನು ಕ್ಯಾಂಟೀನಿನಲ್ಲಿ ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಬಾರದು. ನಾನು ಹೇಳಿಬಿಟ್ಟೆ. ಪೀಣ್ಯದ ಪಂಪ್ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಆಗ ನನಗಿದ್ದದ್ದು ಒಂದೇ ಕೆಲಸ. ಪಂಪಿಗೆ ನೀರು ತುಂಬಿ ಎಲ್ಲಿ ಸೋರುತ್ತದೆಂದು ನೋಡುವುದು. ಸೋರದಿದ್ದರೆ ‘ಪಾಸ್’ ಎಂಬ ಹಸಿರು ಚೀಟಿ, ಸೋರಿದರೆ ‘ರಿಜೆಕ್ಟ್’ ಎಂಬ ಕೆಂಪು ಚೀಟಿ. ಹೀಗೆ ಸೋರುವುದನ್ನೇ ನೋಡಿ ನೋಡಿ ಬೇಸತ್ತಿದ್ದ ಒಂದು ಮಧ್ಯಾಹ್ನ, ಟೂಲ್ ರೂಮಿನ ಹುರುಪಿನ ಗೋಪಿನಾಥ ಬಂದು, “ಸಾರ್, ಆಷಾಢದಲ್ಲಿ ನಮ್ ಹೈಕಿಂಗ್ ಗ್ಯಾಂಗು ಶಿವಗಂಗೆ ಹತ್ತುತ್ತೆ. ನೀವೂ ಬನ್ನಿ ಅನ್ಬೇಕು ಅಂತಿದ್ದೆ. ನಿಮ್ಗಾಗಲ್ಲ ಬಿಡಿ” ಎಂದ. ಸುಮ್ಮನೆ ಕರೆದಿದ್ದರೆ ಒಲ್ಲೆ ಎನ್ನುತ್ತಿದ್ದೆ. ‘ಆಗಲ್ಲ ಬಿಡಿ’ ಎಂದದ್ದು ಕೆಲಸ ಕೆಡಿಸಿತು. “ಯಾಕಪ್ಪ ಆಗಲ್ಲ? ಹೆಸರು ಬರ್ಕೋ” ಎಂದೆ. ಕ್ಯಾಂಟೀನೆಲ್ಲ ಕೇಳಿಸಿಕೊಂಡಿತು.

ಮನೆಯಲ್ಲಿ ಹೆಂಡತಿ ಶಾರದೆ ಬೇಡವೆನ್ನಲಿಲ್ಲ. ಅಂದಿದ್ದರೆ ಅದನ್ನೇ ನೆಪ ಮಾಡಿ ಮರ್ಯಾದೆಯಾಗಿ ತಪ್ಪಿಸಿಕೊಳ್ಳಬಹುದಿತ್ತು. ಹಿಂದಿನ ಮಳೆಗಾಲದಲ್ಲಿ ಬಸ್ಸು ಕೆಟ್ಟು, ಲಗ್ಗೆರೆಯ ನಮ್ಮ ಮನೆಯವರೆಗೆ ನೆನೆದುಕೊಂಡೇ ನಡೆದು ಬಂದು, ಎದೆಗೆ ಥಂಡಿ ಹಿಡಿಸಿಕೊಂಡು ಮೂರು ವಾರ ಮಲಗಿದ್ದೆ. ಆ ಮೂರು ವಾರ ಅವಳು ಪಟ್ಟ ಪಾಡು ನನಗೆ ಗೊತ್ತು. “ಹೋಗಿ, ಯಾರು ಬೇಡ ಅಂದ್ರು? ಆದ್ರೆ ಒಳಗೆ ನೀರಿಳಿಯದ ಕೋಟ್ ತಂದು ತೋರಿಸ್ಬೇಕು. ಟೆಸ್ಟ್ ಮಾಡೋಳು ನಾನು. ಪಾಸಾದ್ರೆ ಬೆಟ್ಟ, ಇಲ್ದಿದ್ರೆ ಮನೆ” ಎಂದಳು. ಇಪ್ಪತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿ ಅವಳು ಕಲಿತದ್ದು ಇದು.

ಕೋಟಿನ ಬೇಟೆ ಬ್ರಿಗೇಡ್ ರಸ್ತೆಯಲ್ಲಿ ಶುರುವಾಯಿತು. ಅಲ್ಲಿ ಗಾಜಿನ ಹಿಂದೆ ಒಂದು ಫಾರಿನ್ ಜಾಕೆಟ್ಟು ನೇತಾಡುತ್ತಿತ್ತು. ಅದರ ಬೆಲೆ ಕೇಳಿ, ಅಂಗಡಿಯವನು ಕೊಟ್ಟ ನೀರು ಕುಡಿದು ಬಂದೆ. ಅವೆನ್ಯೂ ರಸ್ತೆಯಲ್ಲಿ ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟು ಸಿಕ್ಕಿತು. ಕೈ ಕೆಳಗೆ ಬಿಟ್ಟುಕೊಂಡು ನಿಂತರೆ ಅದಕ್ಕಿಂತ ಒಳ್ಳೆಯ ಕೋಟಿಲ್ಲ. ಮನೆಯಲ್ಲಿ ಬಂಡೆ ಹಿಡಿಯುವವನ ಹಾಗೆ ಕೈ ಮೇಲೆತ್ತಿ ತೋರಿಸಲು ಹೋದೆ, ಕಂಕುಳಿನಿಂದ ಸೊಂಟದವರೆಗೆ ಹರಿದುಕೊಂಡಿತು. ಟೆಸ್ಟಿಗೆ ನೀರು ತುಂಬುವ ಶ್ರಮವೂ ಶಾರದೆಗೆ ಬೀಳಲಿಲ್ಲ.

ಆಮೇಲೆ ಚಿಕ್ಕಪೇಟೆಯಲ್ಲಿ ನೈಲಾನಿನ ನೀಲಿ ಕೋಟು. “ನೀರು ಒಳಗೆ ಬರಲ್ಲ ತಾನೆ?” ಎಂದರೆ ಅಂಗಡಿಯವನು, “ವಿಂಡ್‌ಚೀಟರ್ ಸಾರ್ ಇದು, ಸಕ್ಕತ್ ಮಾಲು” ಎಂದ. ನಾನು ಕೇಳಿದ್ದು ನೀರಿನ ಮಾತು, ಅವನು ಹೇಳಿದ್ದು ಗಾಳಿಯ ಮಾತು ಎಂಬುದು ಹೊಳೆಯಲಿಲ್ಲ. ಭಾನುವಾರ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಟುಕೊಂಡು, ಶಾರದೆ ಚೊಂಬಿನಿಂದ ಮೊಗೆದು ಮೊಗೆದು ನೆತ್ತಿಯ ಮೇಲೆ ಸುರಿದಳು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರುಕ್ಮಿಣಮ್ಮ, “ಏನ್ ಶಾರದಮ್ಮ, ಇವತ್ತು ಯಜಮಾನ್ರಿಗೆ ಎಣ್ಣೆ ಸ್ನಾನನಾ? ಕೋಟ್ ಬಿಚ್ಚಿಸೋದಲ್ವಾ?” ಎಂದರು. ಮೂರನೆಯ ಚೊಂಬಿಗೇ ಬನಿಯನ್ ಒದ್ದೆಯಾಯಿತು. ಶಾರದೆ ಕೊರಳೊಳಗೆ ಕೈ ಹಾಕಿ ನೋಡಿ, “ಗಾಳಿಗೆ ಮೋಸ ಮಾಡುತ್ತೋ ಇಲ್ವೋ ಕಾಣೆ. ನಿಮಗಂತೂ ಮಾಡಿದೆ” ಎಂದಳು.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಕ್ಯಾಂಟೀನಿನಲ್ಲಿ ದಿನಾ ಒಬ್ಬನಲ್ಲ ಒಬ್ಬ, “ಕೋಟ್ ಸಿಕ್ತಾ ಸಾರ್?” ಎನ್ನುತ್ತಿದ್ದ. ಕೊನೆಗೆ ನನ್ನ ಬುದ್ಧಿಯನ್ನೇ ಓಡಿಸಿದೆ. ಪಂಪುಗಳನ್ನು ಸುತ್ತಿ ಕಳಿಸುವ ಟಾರ್ಪಾಲಿನಂಥ ಬಟ್ಟೆ ಮಾರುಕಟ್ಟೆಯಲ್ಲೂ ಸಿಗುತ್ತದೆ. ಹನಿ ನೀರು ಬಿಡದ ಬಟ್ಟೆ ಅದು. ಮೂರು ಗಜ ಕೊಂಡು, ನಮ್ಮ ಬೀದಿಯ ಟೈಲರ್ ಮುನಿರಾಜಣ್ಣನಿಗೆ ಕೊಟ್ಟೆ. ಅವನು ಲಗ್ಗೆರೆ ಬರೀ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದ್ದವನು. “ಎಲ್ಡೆಲ್ಡು ಒಲಿಗೆ ಆಕಿವ್ನಿ ಸಾರ್. ನೀರಿರ್ಲಿ, ಇರುವೇನೂ ನುಗ್ಗಾಕಿಲ್ಲ” ಎಂದು ಕೋಟು ಕೈಗಿಟ್ಟ. ಮತ್ತೆ ಕಲ್ಲು, ಮತ್ತೆ ಚೊಂಬು, ಮತ್ತೆ ರುಕ್ಮಿಣಮ್ಮ. ಕೋಟು ಬಿಚ್ಚಿದರೆ ಅಂಗಿಯ ಮೇಲೆ ಹೊಲಿಗೆ ಇದ್ದ ಕಡೆಯೆಲ್ಲ ಸ್ಕೇಲಿಟ್ಟು ಗೆರೆ ಎಳೆದಂತೆ ಒದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ‘ತಗಡು ಸೋರಲ್ಲ ಕಣ್ರಯ್ಯ, ಜಾಯಿಂಟ್ ನೋಡಿ’ ಎಂದು ಟ್ರೈನಿಗಳಿಗೆ ದಿನಾ ಬೆಳಿಗ್ಗೆ ಪಾಠ ಹೇಳುವವನು ನಾನು. ಸೂಜಿ ಹೋದಲ್ಲೆಲ್ಲ ತೂತು ಬೀಳುತ್ತದೆ, ಎರಡು ಹೊಲಿಗೆಗೆ ಎರಡರಷ್ಟು ತೂತು ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿದ್ದಂತಾಯಿತು.

ಕೊನೆಗೆ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಮಿಲಿಟರಿಯವರದೆಂದು ಹೇಳಿ ಒಂದು ರಬ್ಬರ್ ಕೋಟು ಕೊಟ್ಟರು. ಹೊಲಿಗೆಯ ಮೇಲೆಲ್ಲ ರಬ್ಬರ್ ಪಟ್ಟಿ ಅಂಟಿಸಿತ್ತು. ಭಾರ ಒಂದು ಮಗುವಿನಷ್ಟು, ವಾಸನೆ ಸೈಕಲ್ ಟ್ಯೂಬಿನದು. ಎರಡು ಬಕೆಟ್ ಖಾಲಿಯಾದರೂ ಅಂಗಿ ಒಣಗಿಕೊಂಡೇ ಇತ್ತು. “ಪಾಸು. ಹೋಗಿ ಬನ್ನಿ” ಎಂದಳು ಶಾರದೆ. ಹಿಂದಿನ ಒಂದೊಂದು ಕೋಟು ಸೋರಿದಾಗಲೂ ಒಳಗೊಳಗೇ ಹಾಯೆನಿಸಿತ್ತು ಎಂದು ಆಗ ನನಗೇ ತಿಳಿಯಿತು. ಇನ್ನು ನೆಪವನ್ನು ಯಾರ ಮೇಲೂ ಹಾಕುವಂತಿಲ್ಲ.

ಆಷಾಢದ ಆ ಭಾನುವಾರ ಚಿಕ್ಕಬಾಣಾವರದಲ್ಲಿ ತುಮಕೂರಿನ ರೈಲು ಹಿಡಿದು, ನಿಡವಂದದಲ್ಲಿಳಿದು, ಬಸ್ಸಿನಲ್ಲಿ ಶಿವಗಂಗೆಯ ಬುಡ ಸೇರಿದೆವು. ಇಳಿಯುತ್ತಿದ್ದಂತೆ ಮಳೆ. ಹುಡುಗರು ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಓಡಿದರು. ನಾನು ಸೇನಾಪತಿಯಂತೆ ಕೋಟಿನ ಗುಂಡಿ ಹಾಕಿಕೊಂಡು ಹಿಂದೆ ಹೊರಟೆ. ಮಳೆ ನನ್ನನ್ನು ಮುಟ್ಟಲಿಲ್ಲ. ಆದರೆ ಸ್ವಲ್ಪ ಮೆಟ್ಟಿಲು ಹತ್ತುವಷ್ಟರಲ್ಲೇ ಮಂಡಿ ಹಿಡಿದುಕೊಂಡಿತು. ಗೋಪಿನಾಥ ತಿರುಗಿ ನೋಡಿದವನು, ಒಳ್ಳೆಯ ಹುಡುಗ, ನಗಲಿಲ್ಲ. “ಸಾರ್, ಯಾರಾದ್ರೂ ಬ್ಯಾಗ್ ನೋಡ್ಕೋಬೇಕಿತ್ತು” ಎಂದ. ಇಳಿದು ಬಂದು, ಬುಡದ ಟೀ ಅಂಗಡಿಯಲ್ಲಿ ಕೋಟು ಮೊಳೆಗೆ ನೇತುಹಾಕಿ, ಎಂಟು ಬ್ಯಾಗುಗಳ ನಡುವೆ ಮೂರು ಗಂಟೆ ಕೂತೆ. ಅವರೆಲ್ಲ ತೊಪ್ಪೆಯಾಗಿ, ನಗುತ್ತಾ, ಒಬ್ಬರನ್ನೊಬ್ಬರು ತಳ್ಳಿಕೊಂಡು ಇಳಿದು ಬಂದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಒಣಗಿಕೊಂಡು ನಾನು ಜೀವನದಲ್ಲಿ ಎಂದೂ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಶಾರದೆ ಬಾಗಿಲಲ್ಲೇ ಕಾಯುತ್ತಿದ್ದಳು. ಕೋಟು ಬಿಚ್ಚಿಸಿ, ಅಂಗಿಯ ಬೆನ್ನು, ಕೊರಳು, ಕಂಕುಳು ಎಲ್ಲ ಮುಟ್ಟಿ ನೋಡಿದಳು. “ಒಂದ್ ಹನಿ ಇಲ್ಲ. ಸದ್ಯ” ಎಂದು ನಿಟ್ಟುಸಿರುಬಿಟ್ಟಳು. ಆಮೇಲೆ ಅವಳ ಕೈ ಬೆನ್ನಿನ ಮೇಲೆ ಹಾಗೇ ನಿಂತಿತು.

“ರೀ, ಇಷ್ಟು ದಪ್ಪ ರಬ್ಬರ್ ಹಾಕ್ಕೊಂಡು ಅಷ್ಟು ದೊಡ್ಡ ಬೆಟ್ಟ ಹತ್ತಿದ್ದೀರಿ. ಬೆವರೇ ಬಂದಿಲ್ವಲ್ಲ?”

“ಮೇಲೆ ತುಂಬಾ ತಂಪು ಕಣೇ.”

“ಎಷ್ಟು ಮೆಟ್ಟಿಲು ಹತ್ತಿದ್ರಿ?”

ಆ ದನಿ ನನ್ನದೇ. ಕಳ್ಳ ಫಿಟ್ಟರುಗಳನ್ನು ನಾನು ಕೇಳುವುದು ಹಾಗೆಯೇ. “ಎಂಬತ್ತು” ಎಂದೆ.

“ಇಳಿದಿದ್ದೂ ಸೇರಿಸಿಯಾ?”

“ಸೇರಿಸಿ” ಎಂದೆ.

ಶಾರದೆ ನಗಲಿಲ್ಲ. ಕೋಟನ್ನು ಕೊಡವಿ ಗೂಟಕ್ಕೆ ಹಾಕಿ, “ಕೋಟಂತೂ ಪಾಸು” ಎಂದು ಹೇಳಿ ಕಾಫಿ ಮಾಡಲು ಒಳಗೆ ಹೋದಳು.